ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದ ರಾಗಿಯಕ್ಕ

ಸಮುದ್ರ ನೋಡಲೆಂದು ಬಸ್ಸು ಹತ್ತಿ, ನಿದ್ದೆಗೆಟ್ಟು, ಬೆನ್ನು ನೋಯಿಸಿಕೊಂಡು ದಂಡೆಗೆ ಬಂದು, ಕೊನೆಗೆ ಅದೇ ಸಮುದ್ರಕ್ಕೆ ಬೆನ್ನು ಹಾಕಿ ಕೂರುವವರನ್ನು ನಾನು ಕಂಡದ್ದು ಒಬ್ಬರನ್ನೇ. ಪುದುಚೇರಿಯ ಕಲ್ಲಿನ ದಂಡೆಯಲ್ಲಿ ಬೆಳಗಿನ ಹೊತ್ತು ಊರಿಗೂರೇ ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ಕೂತಿದ್ದರೆ, ರಾಗಿಯಕ್ಕ ಮಾತ್ರ ಊರಿನ ಕಡೆ ತಿರುಗಿ ಕೂತು ನಮ್ಮ ಮುಖಗಳನ್ನು ನೋಡುತ್ತಿದ್ದರು. ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ, ಕಿವಿಗೊಟ್ಟು ನೋಡುವುದು. ಯಾಕಕ್ಕಾ ಹೀಗೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಕಡ್ಲು ಏನ್ ಮಾಡ್ತೈತೆ ಅಂತ ನಿಮ್ ಮಕದಲ್ಲೇ ಕಾಣ್ತೈತಲ್ಲ. ತಿರುಗ್ ಬೇರೆ ನೋಡ್ಬೇಕಾ?"

ನಾನು ಸೇಲಂನವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಇಂಗ್ಲಿಷು. ಹೀಗೆ ಮೂರು ಭಾಷೆಯಲ್ಲಿ ಸುಸ್ತಾಗಿ ಒಂದು ಬೇಸಿಗೆಯಲ್ಲಿ ಉದ್ದನೆಯ ರಜೆ ಹಾಕಿ, ಬೆನ್ನಿಗೆ ಚೀಲ ಏರಿಸಿ ಕರಾವಳಿಯ ಊರುಗಳನ್ನು ನೋಡಲು ಹೊರಟೆ. ಗುರುತು ಪರಿಚಯ ಇಲ್ಲದವರೆಲ್ಲ ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿಕೊಂಡು ಮಲಗುವ ಹಾಸ್ಟೆಲ್ಲುಗಳಲ್ಲಿ ಉಳಿಯುತ್ತೇನೆ ಎಂದಾಗ ಅಮ್ಮ, ಅದೇನು ಆಸ್ಪತ್ರೆ ವಾರ್ಡಾ ಎಂದು ಕೇಳಿದರು. ತಡೆಯಲಾಗದೆ ಕೊನೆಗೆ ಒಂದೇ ಷರತ್ತು ಹಾಕಿದರು: ಕಾಲಿನ ಬೆಳ್ಳಿ ಗೆಜ್ಜೆ, ನಮ್ಮ ಸೇಲಂ ಮಾತಿನಲ್ಲಿ ಕೊಲುಸು, ಬಿಚ್ಚಬಾರದು. ಸೇಲಂನ ಹೆಣ್ಣುಮಗಳು ಬೋಳುಗಾಲಲ್ಲಿ ಊರೂರು ತಿರುಗುವುದು ಅವರಿಗೆ ಸಹಿಸಲಾಗದ ಸಂಗತಿ. ಹಾಗಾಗಿ ದಪ್ಪ ಬೂಟಿನ ಮೇಲೆ ಗೆಜ್ಜೆ ಘಲಘಲ ಎನ್ನಿಸಿಕೊಂಡು ನಾನು ಪುದುಚೇರಿಯ ಹಾಸ್ಟೆಲ್ಲಿಗೆ ಕಾಲಿಟ್ಟೆ.

ಮೇಲಿನ ಮಂಚ ನನ್ನದು. ಏಣಿ ಹತ್ತುತ್ತಿದ್ದಾಗ ಕೆಳಗಿನ ಮಂಚದಲ್ಲಿ ಯಾರೋ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಇಲ್ಲವ್ವಾ. ಇವತ್ತೂ ಕೇಳುಸ್ಲಿಲ್ಲ. ನೀ ಊಟ ಮಾಡು." ಅಚ್ಚ ನಮ್ಮ ಕಡೆಯ ಕನ್ನಡ. ಅಷ್ಟು ದೂರದಲ್ಲಿ ಅದನ್ನು ಕೇಳಿ ನನಗಾದ ಸಂತೋಷ ಹೇಳತೀರದು. ಇಣುಕಿ ನೋಡಿದರೆ ನಲವತ್ತು ದಾಟಿದ ಹೆಂಗಸು. ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ಜಡೆ, ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ವಿಸಿಲ್. ನಾನು ಹೆಸರು ಹೇಳಲು ಬಾಯಿ ತೆರೆದೆ. ಅವರು ಪೊಲೀಸಿನವರಂತೆ ಅಂಗೈ ಎತ್ತಿ ತಡೆದರು.

"ಎಸ್ರು ಬ್ಯಾಡ. ಇಲ್ಲಿ ನೀನು ಕೊಲುಸು. ಸೆರಿಯಾ?"

ಹಾಸ್ಟೆಲ್ಲುಗಳಲ್ಲಿ ಸ್ನೇಹ ಶುರುವಾಗುವುದೇ ಹೆಸರಿನಿಂದ. ಹೆಸರು, ಊರು, ಮುಂದೆ ಎಲ್ಲಿಗೆ, ಈ ಮೂರು ಮಾತಾದರೆ ಸಾಕು, ಹಲ್ಲುಜ್ಜುವ ಪೇಸ್ಟು ಹಂಚಿಕೊಳ್ಳುವಷ್ಟು ಹತ್ತಿರವಾಗುತ್ತಾರೆ. ರಾಗಿಯಕ್ಕ ಊರು ಕೇಳುತ್ತಿದ್ದರು, ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದರು, ಹೆಸರು ಮಾತ್ರ ಕೇಳುತ್ತಿರಲಿಲ್ಲ. ಬಂದವರಿಗೆಲ್ಲ ತಾವೇ ಒಂದು ಹೆಸರಿಟ್ಟುಬಿಡುತ್ತಿದ್ದರು. ಮಳೆಯಿಲ್ಲದಿದ್ದರೂ ಕೊಡೆ ಹಿಡಿದು ಓಡಾಡುತ್ತಿದ್ದ ಕೇರಳದ ಹುಡುಗಿ ಛತ್ರಿಯಾದಳು. ತಮಗೆ ಇಟ್ಟುಕೊಂಡದ್ದು ರಾಗಿ. ಅವರ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇರುತ್ತಿದ್ದದ್ದು ಅದೇ. ಹಿಟ್ಟಿನ ಡಬ್ಬಿ, ಜೊತೆಗೆ ಮುದ್ದೆ ತಿರುವುವ ಕೋಲು. ಆ ಕೋಲು ಕಂಡು ಹಾಸ್ಟೆಲ್ಲಿನ ಮ್ಯಾನೇಜರು ಗಾಬರಿಯಾಗಿದ್ದನಂತೆ. ಅಕ್ಕ ಅವನನ್ನು ಅಡುಗೆಮನೆಗೆ ಕರೆದೊಯ್ದು, ಮುದ್ದೆ ಮಾಡಿ, ಅಗಿಯದೆ ನುಂಗುವುದು ಹೇಗೆಂದು ಕಲಿಸಿದ ಮೇಲೆ ಅವನೇ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದ.

ಅವರ ಊರು ಪೆನ್ನಾಗರಂ ಆಚೆ. ನಲ್ಲಂಪಳ್ಳಿ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಮದುವೆ ಬೇಡವೆಂದು ಕೂತವರು. ಆ ವಿಷಯ ಎತ್ತಿದವರಿಗೆ ಮೈದಾನ ಸುತ್ತಿ ಬಾ ಎನ್ನುವ ಧಾಟಿಯಲ್ಲಿ ನೋಡುತ್ತಿದ್ದರು. ಶಾಲೆಗೆ ರಜೆ ಬಂದರೆ ಕರಾವಳಿಗೆ ಬರುತ್ತಿದ್ದರು, ಪ್ರತಿ ರಜೆಯಲ್ಲೂ. ಬೆಳಗಾದರೆ ನಮ್ಮನ್ನೆಲ್ಲ ತಾರಸಿಗೆ ಅಟ್ಟಿ ಕಸರತ್ತು ಮಾಡಿಸುತ್ತಿದ್ದರು. ಊರಿನೊಳಗಾದರೆ ಬಾಯಿಬಿಟ್ಟು ಕರೆಯುವರು; ದಂಡೆಗೆ ಹೋದರೆ ಬರೀ ವಿಸಿಲ್. ನನಗೆ ಉದ್ದನೆಯದು, ಛತ್ರಿಗೆ ಗಿಡ್ಡನೆಯದು. ನಾನು ಇದನ್ನೆಲ್ಲ ಪಿ.ಟಿ. ಟೀಚರ ಖಯಾಲಿ ಎಂದುಕೊಂಡಿದ್ದೆ. ಸಂಜೆ ಸಂಜೆ ತಾಯಿಗೆ ಫೋನು ಮಾಡಿ "ಇವತ್ತೂ ಕೇಳುಸ್ಲಿಲ್ಲವ್ವಾ" ಅನ್ನುವುದನ್ನು ಕಿವಿಯ ತೊಂದರೆ ಎಂದುಕೊಂಡಿದ್ದೆ. ಒಳ್ಳೆಯ ಡಾಕ್ಟರು ಸೇಲಂನಲ್ಲಿದ್ದಾರೆ ಎಂದು ಹೇಳಿಯೂ ಇದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರ ಜೊತೆಯಲ್ಲೇ ನಾನೂ ಛತ್ರಿಯೂ ದಕ್ಷಿಣಕ್ಕೆ ಇಳಿದೆವು. ತರಂಗಂಬಾಡಿಯಲ್ಲಿ ಹಳೆಯ ಮನೆಯೊಂದನ್ನು ಹಾಸ್ಟೆಲ್ ಮಾಡಿದ್ದರು. ಅಲ್ಲಿ ಒಂದು ದಿನ ಛತ್ರಿ ದಂಡೆಯಲ್ಲಿ ನನ್ನನ್ನು ನಿಜ ಹೆಸರಿಂದ ಕರೆಯಹೊರಟಾಗ ಅಕ್ಕ ಅವಳ ಬಾಯಿಗೆ ಅಡ್ಡ ಕೈ ಹಿಡಿದರು. ಆಮೇಲೆ ಹೇಳಿದರು. ಅವರ ಹಿರೀಕರು ಆಡು ಹೊಡೆದುಕೊಂಡು ಕಾಡಿಳಿದು ಕಾವೇರಿ ದಂಡೆಗೆ ಹೋಗುತ್ತಿದ್ದವರು. ಆಗಿನಿಂದ ಬಂದ ಕಟ್ಟಳೆ: ನೀರಿನ ಹತ್ತಿರ ಯಾರ ಹೆಸರನ್ನೂ ಕೂಗಬಾರದು. ಕರೆಯುವುದೂ ಸಿಳ್ಳೆಯಲ್ಲೇ, ಓಗೊಡುವುದೂ ಸಿಳ್ಳೆಯಲ್ಲೇ.

"ಕೂಗುದ್ರೆ ನೀರು ಎಸ್ರ ಕಲ್ತ್ಕಂತೈತೆ. ಕಲ್ತ್ ಮ್ಯಾಲೆ ಸುಮ್ಕಿರಲ್ಲ, ತಾನೇ ಕರೀತೈತೆ."

ನಾನು ನಕ್ಕೆ. ಅವರೂ ನಕ್ಕರು. ನಗು, ನಗು, ನಗುವುದು ಒಳ್ಳೆಯದೇ ಅಂದರು.

ಪೂಂಪುಹಾರ್ ಅಲ್ಲಿಂದ ದೂರವಲ್ಲ. ಕಾವೇರಿ ಸಮುದ್ರ ಸೇರುವ ಜಾಗ. ಹೊಗೇನಕಲ್ಲಿನಲ್ಲಿ ಬಂಡೆ ಸೀಳಿ ಹೊಗೆಯೆಬ್ಬಿಸುವ ನದಿ ಅಲ್ಲಿ ಮರಳಿನ ನಡುವೆ ತೆಳ್ಳಗೆ ಹರಿದು, ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು. ಸುಡುವ ಮಧ್ಯಾಹ್ನ, ದಂಡೆಯಲ್ಲಿ ನರಪಿಳ್ಳೆ ಇಲ್ಲ. ಛತ್ರಿ ಎಳನೀರು ಹುಡುಕಿಕೊಂಡು ಹೋಗಿದ್ದಳು. ಅಕ್ಕ ಎಂದಿನಂತೆ ಬೆನ್ನು ಹಾಕಿ ಕೂತು, ಬೆರಳಲ್ಲಿ ಮರಳು ಗೀಚುತ್ತಾ, ಯಾರದೋ ಸುದ್ದಿ ಹೇಳಿದಷ್ಟು ನಿಧಾನವಾಗಿ ತಮ್ಮನ ಸುದ್ದಿ ಹೇಳಿದರು.

ಕೆಲವು ವರ್ಷಗಳ ಹಿಂದೆ ಕಾಲೇಜು ರಜೆಯಲ್ಲಿ ಬಂದ ತಮ್ಮ ಹೊಗೇನಕಲ್ಲಿನ ಕೆಳಗೆ ನೆಂಟರ ತೆಪ್ಪ ಹಾಕಿಕೊಂಡು ನೀರಿಗಿಳಿದಿದ್ದ. ಅಕ್ಕ ದಂಡೆಯಲ್ಲಿ ಒಲೆ ಹೂಡಿ ಮುದ್ದೆ, ಮೀನುಸಾರು ಮಾಡಿದ್ದರು. ಅಡುಗೆಯಾದ ಸಂಭ್ರಮದಲ್ಲಿ ಸಿಳ್ಳೆ ಹಾಕುವುದು ಮರೆತು, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿಬಿಟ್ಟರು. ಅವನು ತೆಪ್ಪದಲ್ಲಿ ಎದ್ದುನಿಂತ.

"'ಬಂದೆ' ಅಂದ. ಬರ್ಲೇ ಇಲ್ಲ ಕೊಲುಸು."

ದೇಹ ಸಿಗಲಿಲ್ಲ. ಸಿಗದವರು ಹೊಳೆ ಹಿಡಿದು ಸಮುದ್ರ ಸೇರುತ್ತಾರೆ, ಅಲ್ಲಿಂದ ತಮ್ಮವರನ್ನು ಕರೆಯುತ್ತಾರೆ ಎಂಬುದು ಅವರ ಕಡೆಯ ನಂಬಿಕೆ. ಆ ಕರೆ ಕೇಳಿದವರು ತಿರುಗಿ ನೋಡಬಾರದು, ಓಗೊಡಬಾರದು. ನೆಟ್ಟಗೆ ಮನೆಗೆ ಬಂದು ಹೇಳಬೇಕು. ಆಗ ಹೆಣದ ಬದಲು ಹುಲ್ಲಿನಲ್ಲಿ ಒಂದು ಆಳು ಮಾಡಿ ಸುಟ್ಟು ಕಾರ್ಯ ಮುಗಿಸಬಹುದು. ಅಲ್ಲಿಯ ತನಕ ಹೋದವನು ಹೋದವನಲ್ಲ. ಅವರ ತಾಯಿ ದಿನವೂ ಅವನ ಪಾಲಿನ ಮುದ್ದೆ ತಟ್ಟೆಗಿಟ್ಟು ಮುಚ್ಚುತ್ತಿದ್ದರು. ಆ ತಟ್ಟೆ ನಿಲ್ಲಬೇಕು, ಅವ್ವ ಸಾಯುವ ಮುಂಚೆ ಒಂದು ಸಲ ನೆಮ್ಮದಿಯಾಗಿ ಉಣ್ಣಬೇಕು, ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕೇ ರಜೆ ರಜೆಗೂ ಈ ಸಮುದ್ರ.

ಬೆನ್ನು ಯಾಕೆ ಹಾಕಿ ಕೂರುವುದು ಎಂದು ಕೇಳಿದೆ. "ಮಕ ಕೊಟ್ಟು ಕೂತ್ರೆ, ಕರುದ್ರೆ ಕಾಲು ತಾನಾಗೇ ಮುಂದುಕ್ಕೋಯ್ತೈತೆ. ಬೆನ್ ಕೊಟ್ಟಿದ್ರೆ ಎದ್ದು ತಿರುಗೋ ಒತ್ಗೆ ವಸಿ ಬುದ್ಧಿ ಬತ್ತೈತೆ" ಅಂದರು.

"ಓಗೊಟ್ಟರೆ ಏನಾಗತ್ತಕ್ಕಾ?"

"ಓಗೊಡಲ್ಲ" ಅಂದರು.

ಆ ದಿನದಿಂದ ನನ್ನ ನೆಮ್ಮದಿಯೂ ಕೆಟ್ಟಿತು. ಮೊದಲು ಅಲೆಯ ಸದ್ದು ಬರೀ ಸದ್ದಾಗಿತ್ತು. ಈಗ ಒಂದು ಅಲೆ ಬಿದ್ದು ಇನ್ನೊಂದು ಏಳುವ ನಡುವಿನ ಬಿಡುವಿನಲ್ಲಿ ಯಾರೋ ಬಾಯಿ ತೆರೆದ ಹಾಗೆ ಅನ್ನಿಸುತ್ತಿತ್ತು. ದಂಡೆಯಲ್ಲಿ ನಿಂತಾಗ ಅಮ್ಮ ಫೋನು ಮಾಡಿ ಹೆಸರು ಹಿಡಿದು ಕರೆದರೆ ಮೈ ಜುಮ್ಮೆನ್ನುತ್ತಿತ್ತು. ಹೆಸರು ಹೇಳಬೇಡಮ್ಮಾ ಅಂದೆ. ಅದ್ಯಾರ ಸಹವಾಸ ಮಾಡಿದ್ದೀಯಾ ನೀನು ಎಂದು ಅಮ್ಮ ಬೈದರು.

ರಾಮೇಶ್ವರದ ಹಾಸ್ಟೆಲ್ಲಿನಲ್ಲಿ ಆಧಾರ್ ಕಾರ್ಡು ತೋರಿಸುವಾಗ ಛತ್ರಿ ಅಕ್ಕನ ಹೆಸರು ನೋಡಿಬಿಟ್ಟಳು. ಅವಳದು ತಪ್ಪಲ್ಲ, ತಮಿಳು ಅರೆಬರೆ, ಕನ್ನಡ ಇಲ್ಲವೇ ಇಲ್ಲ, ಅಕ್ಕನ ಕಟ್ಟಳೆ ಅವಳಿಗೆ ಒಂದು ಆಟ. ಮಾರನೆಯ ದಿನ ಧನುಷ್ಕೋಡಿಗೆ ಹೋದೆವು. ಗೋಡೆ ನಿಂತು ಸೂರು ಹೋದ ಮನೆಗಳು, ಎರಡೂ ಕಡೆ ನೀರು, ನಡುವೆ ಮರಳು. ನಡುಮಧ್ಯಾಹ್ನದಲ್ಲಿ ನಮ್ಮ ನೆರಳು ಕಾಲಡಿಗೇ ಬಂದು ಸೇರಿತ್ತು. ಅಕ್ಕ ಬೆನ್ನು ಹಾಕಿ ಕೂತರು, ನಾನು ಅವರೆದುರು ಸಮುದ್ರದ ಕಡೆ ಮುಖ ಮಾಡಿ ಕೂತೆ. ಮೊಣಕಾಲುದ್ದ ನೀರಿನಲ್ಲಿ ಕೊಡೆ ಹಿಡಿದು ನಿಂತ ಛತ್ರಿ ನಗುತ್ತಾ ಅಕ್ಕನ ಆಧಾರ್ ಹೆಸರನ್ನು ಕೂಗಿದಳು.

ಕೂಗಿದ್ದು ಒಂದು ಸಲ, ಅದನ್ನು ನಾನು ಕೇಳಿದೆ. ಆಮೇಲೆ ಬಂದದ್ದು ನನಗೆ ಕೇಳಿಸಲಿಲ್ಲ. ಅಕ್ಕನ ಮುಖದಲ್ಲಿ ಕಾಣಿಸಿತು. ಅಲೆ ಎದ್ದದ್ದು ಕಂಡೆ, ಬಿದ್ದದ್ದೂ ಕಂಡೆ, ಸದ್ದು ಮಾತ್ರ ಬರಲಿಲ್ಲ. ಅಕ್ಕನ ಕೈ ನನ್ನ ಕಣಕಾಲನ್ನು ಹಿಡಿದು ಎಷ್ಟು ಬಿಗಿಯಿತೆಂದರೆ ಕೊಲುಸಿನ ಗುರುತು ಚರ್ಮದಲ್ಲಿ ಮೂಡಿತು. ಅವರ ಮುಖ ಅರಳಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅಡುಗೆಯಾಯಿತು ಬಾ ಎಂದು ಕರೆಯುವವರ ಮುಖ ಅದು. ತುಟಿ ಬಿಚ್ಚಿಕೊಂಡವು. ಏನು ಮಾಡಬೇಕೆಂದು ತೋಚದೆ, ಅವರ ಕೊರಳಲ್ಲಿದ್ದ ವಿಸಿಲನ್ನೇ ಎತ್ತಿ ಬಾಯಿಗೆ ತುರುಕಿದೆ. ಬರಬೇಕಿದ್ದ ಮಾತು ವಿಸಿಲಾಗಿ ಹೊರಬಂತು.

"ಛತ್ರಿ ಕೂಗಿದ್ದು ಆಧಾರ್ ಎಸ್ರು" ಅಂದರು ವಿಸಿಲನ್ನು ಬಾಯಿಂದ ತೆಗೆದು. "ಆಮ್ಯಾಕೆ ಬಂದಿದ್ದು ನನ್ ಮನೇ ಎಸ್ರು. ಅದು ಇಲ್ಲಿ ಯಾರ್ಗೂ ಗೊತ್ತಿಲ್ಲ."

ಎದ್ದು, ತಿರುಗಿ ನೋಡದೆ, ಬಸ್ಸಿನ ತನಕ ನಡೆದರು. ಫೋನಿನಲ್ಲಿ ತಾಯಿಗೆ "ಕೇಳುಸ್ತವ್ವಾ" ಅಂದರು. ಆ ಕಡೆ ಫೋನು ಕಟ್ಟಾಯಿತು.

ಛತ್ರಿ ಅಲ್ಲಿಂದಲೇ ತನ್ನೂರಿಗೆ ಹೋದಳು. ಅಕ್ಕನನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಪೆನ್ನಾಗರಂ ತನಕ ಹೋದೆ. ಹುಣಸೆಮರದ ಕೆಳಗೆ ಮನೆ, ಅಣ್ಣ ಅತ್ತಿಗೆ ಮಕ್ಕಳು, ಗೊಂತಿನಲ್ಲಿ ಆಡು; ಎತ್ತ ನೋಡಿದರೂ ಒಣ ನೆಲ. ಅವ್ವ ಕಟ್ಟೆಯ ಮೇಲೆ ಕೂತಿದ್ದರು. ಅತ್ತು ಕರೆದು ಮಾಡುತ್ತಾರೆ ಎಂದುಕೊಂಡಿದ್ದ ನನಗೆ ಅವರು ಕೇಳಿದ ಮೊದಲ ಮಾತೇ ವಿಚಿತ್ರವೆನಿಸಿತು.

"ನೀ ಓಗೊಟ್ಯಾ?"

"ಇಲ್ಲವ್ವಾ. ಇವ್ಳು ಬಾಯ್ಗೆ ವಿಸಿಲ್ ಇಟ್ಳು. ಊದ್ಬುಟ್ಟೆ."

ಅವ್ವ ನನ್ನನ್ನು ನೋಡಿದರು, ಮಗಳ ಕೊರಳಿನ ವಿಸಿಲನ್ನು ನೋಡಿದರು. "ಅದೂ ಸಿಳ್ಳೇನೇ ಅಲ್ವಾ" ಅಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. ನೀರಿನ ಹತ್ತಿರ ಓಗೊಡುವುದು ಸಿಳ್ಳೆಯಲ್ಲೇ ಎಂದು ತರಂಗಂಬಾಡಿಯಲ್ಲಿ ಅಕ್ಕ ಹೇಳಿದ್ದು ನನಗೆ ಆಗ ನೆನಪಾಯಿತು. ಅಕ್ಕ ಜೋರಾಗಿ ನಕ್ಕು, ಅಂಗಡಿಯ ವಿಸಿಲಿಗೂ ಬಾಯಿನ ಸಿಳ್ಳೆಗೂ ವ್ಯತ್ಯಾಸವಿಲ್ಲವಾ, ನಡಿ ಒಳಗೆ, ಎಂದು ಇಬ್ಬರನ್ನೂ ಗದರಿಸಿದರು.

ಕಾರ್ಯವಾಯಿತು. ಅವ್ವ ತಾವೇ ಕುಡುಗೋಲು ಹಿಡಿದು ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು ತಂದರಂತೆ. ಹುಲ್ಲಿನ ಆಳು ಮಾಡಿ ಸುಟ್ಟರು. ತಟ್ಟೆ ನಿಂತಿತು. ಅವ್ವ ಈಗ ಎರಡು ಸಲ ಸಾರು ಹಾಕಿಸಿಕೊಂಡು ಉಣ್ಣುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳುವಾಗ ಧ್ವನಿಯಲ್ಲಿ ಹಿಗ್ಗಿತ್ತು. ಶಾಲೆ ಶುರುವಾಗಿತ್ತು. ಎಲ್ಲ ಮುಗಿಯಿತೆಂದು ನಾನೂ ನಿರಾಳವಾದೆ.

ಆಮೇಲೊಂದು ದಿನ ಬೆಳಿಗ್ಗೆ ಮೈದಾನದಿಂದಲೇ ಫೋನು ಮಾಡಿದರು. ವಿಸಿಲ್ ಊದಿದರೆ ಎಲ್ಲಿಂದಲೋ ವಾಪಸ್ ಬರುತ್ತದೆ ಎಂದರು. ಪ್ರತಿಧ್ವನಿ ಇರಬೇಕಕ್ಕಾ, ಹೊಸ ಕಟ್ಟಡ ಕಟ್ಟಿದ್ದಾರೇನೋ, ಎಂದೆ.

"ಎಕೋ ಅಂದ್ರೆ ನಾ ಊದಿದ್ ಮ್ಯಾಲೆ ಬರ್ಬೇಕಲ್ವಾ ಕೊಲುಸು? ಇದು ಮೊದ್ಲೇ ಬತ್ತೈತೆ."

ಅವರನ್ನು ಕೊನೆಯ ಸಲ ಕಂಡದ್ದು ಸೇಲಂನ ಬಸ್‌ಸ್ಟ್ಯಾಂಡಿನಲ್ಲಿ. ಮಧುರೈ ಬಸ್ಸಿಗೆ ಇನ್ನೂ ಹೊತ್ತಿದೆ, ಬಾ ಎಂದು ಕರೆಸಿಕೊಂಡಿದ್ದರು. ಅದೇ ಚೀಲ, ಅದೇ ಬಿಗಿ ಜಡೆ. ಸ್ವಲ್ಪ ಇಳಿದಿದ್ದರು. ನನಗೆಂದು ರಾಗಿ ಹಿಟ್ಟು ತಂದಿದ್ದರು. ರಾಮೇಶ್ವರಕ್ಕೆ ಹೋಗಿ ತಮ್ಮನಿಗೆ ಒಂದು ಮಾತು ಹೇಳಿ ಬರುತ್ತೇನೆ, ಬರುವುದಿಲ್ಲ ಕಣೋ ಎಂದು ಸರಿಯಾಗಿ ಹೇಳಿಬಿಟ್ಟರೆ ಅವನೂ ಸುಮ್ಮನಾಗುತ್ತಾನೆ, ಎಂದರು. ನಾನೂ ಬರುತ್ತೇನೆ ಅಂದೆ. ಬೇಡವೆಂದರು. ಗೋಗರೆದೆ, ಪಿ.ಟಿ. ಟೀಚರ ನೋಟ ನೋಡಿದರು. ಕೊರಳಿನ ವಿಸಿಲ್ ತೆಗೆದು ನನ್ನ ಕೊರಳಿಗೆ ಹಾಕಿದರು, ಇದು ಇದ್ದರೆ ಮತ್ತೆ ಊದಿಬಿಡುತ್ತೇನೆ ಎಂದರು.

ಬಸ್ಸು ಬಂದಾಗ ತಟ್ಟನೆ ನನ್ನ ಕಡೆ ತಿರುಗಿ, "ಇಲ್ಲಿ ಸುತ್ಮುತ್ತ ನೀರಿಲ್ಲ. ಈಗ ಏಳು ನಿನ್ ಎಸ್ರ" ಅಂದರು.

ಹೇಳಿದೆ. ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವರ ಹಾಗೆ ಅದನ್ನು ಎರಡು ಸಲ ಅಂದುಕೊಂಡರು. ಚೆನ್ನಾಗಿದೆ, ಆದರೂ ನಿನಗೆ ಕೊಲುಸೇ ಒಪ್ಪುವುದು, ಎಂದು ಕೆನ್ನೆ ತಟ್ಟಿ ಹತ್ತಿದರು. ಕಿಟಕಿಯಲ್ಲಿ ಕೈ ಕಂಡಿತು, ಮುಖ ಕಾಣಿಸಲಿಲ್ಲ.

ರಾಮೇಶ್ವರದ ಹಾಸ್ಟೆಲ್ಲಿನವರು ಅವರ ಅಣ್ಣನಿಗೆ ಫೋನು ಮಾಡಿದರು. ಚೀಲ ಮಂಚದ ಮೇಲಿತ್ತು, ಹಿಟ್ಟಿನ ಡಬ್ಬಿ ಅಡುಗೆಮನೆಯಲ್ಲಿತ್ತು. ಮಧ್ಯಾಹ್ನ ದಂಡೆಯ ಕಡೆ ನಡೆದು ಹೋದದ್ದನ್ನು ಕಂಡವರಿದ್ದರು, ಬಂದದ್ದನ್ನು ಕಂಡವರಿಲ್ಲ. ಅಣ್ಣ ಪೊಲೀಸಿಗೆ ದೂರು ಕೊಟ್ಟು, ದಂಡೆಯುದ್ದ ಅಲೆದು, ಮೀನುಗಾರರ ಕೈಕಾಲು ಹಿಡಿದು, ಚೀಲ ಹೊತ್ತುಕೊಂಡು ವಾಪಸಾದರು. ದೇಹ ಸಿಗಲಿಲ್ಲ. ನಾನು ನೋಡಲು ಹೋದಾಗ ಅವ್ವ ಮತ್ತೆ ತಟ್ಟೆಗೆ ಮುದ್ದೆ ಇಟ್ಟು ಮುಚ್ಚುತ್ತಿದ್ದರು. ಈ ಸಲ ಮಗಳ ಪಾಲು. ನನ್ನನ್ನು ಏನೂ ಕೇಳಲಿಲ್ಲ, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಕ್ಕ ಯಾರನ್ನಾದರೂ ಕರೆದರೆ ಯಾರನ್ನು ಕರೆದಾರು? ಅಣ್ಣನಿಗೆ ಹೊಲ ಬಿಟ್ಟು ಬರಲಾಗದು, ಅವ್ವ ಬಸ್ಸು ಹತ್ತಲಾರರು. ರಜೆ ಸಿಕ್ಕಾಗಲೆಲ್ಲ ನಾನು ಹೋಗತೊಡಗಿದೆ. ಅಮ್ಮನಿಗೆ ಹೇಳಿದ್ದು ಬರೀ ಪ್ರವಾಸವೆಂದು. ಹಾಸ್ಟೆಲ್ಲುಗಳಲ್ಲಿ ಹೊಸ ಹುಡುಗರು, ಹೊಸ ಗಿಟಾರು, ಅದೇ ಪ್ರಶ್ನೆಗಳು. ಹೆಸರು ಕೇಳಿದವರಿಗೆ ಕೊಲುಸು ಅನ್ನುತ್ತಿದ್ದೆ. ದಂಡೆಯಲ್ಲಿ ಬೆನ್ನು ಹಾಕಿ ಕೂತು ಜನರ ಮುಖ ನೋಡುತ್ತಿದ್ದೆ. ಅಕ್ಕ ಹೇಳಿದ್ದು ನಿಜ. ಸಮುದ್ರ ಏನು ಮಾಡುತ್ತಿದೆ ಎಂದು ಎಲ್ಲವೂ ಅಲ್ಲಿ ಗೊತ್ತಾಗುತ್ತದೆ.

ಧನುಷ್ಕೋಡಿಯಲ್ಲಿ, ಸೂರಿಲ್ಲದ ಗೋಡೆಗಳ ಹತ್ತಿರ ಅದು ಬಂತು. ಹಿಂದೆ ಬಿದ್ದ ಅಲೆಗೆ ಸದ್ದಿರಲಿಲ್ಲ. ಆ ಮೌನದೊಳಗಿಂದ, ಬೆಳಿಗ್ಗೆ ತಾರಸಿಗೆ ಅಟ್ಟುವ ಹಾಗೆ, ಸ್ವಲ್ಪ ಗದರಿಕೆ ಸ್ವಲ್ಪ ಅಕ್ಕರೆ ಸೇರಿಸಿ, "ಕೊಲುಸೂ" ಎಂದರು. ಅವರೇ. ತಿರುಗಿ ಓಡಿಹೋಗಬೇಕು ಅನ್ನಿಸಿತು, ಕಾಲು ಆಗಲೇ ಎದ್ದಿತ್ತು, ಗೆಜ್ಜೆ ಘಲ್ ಎಂದಿತು. ವಿಸಿಲ್ ಎದೆಯ ಮೇಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ಹಲ್ಲು ಕಚ್ಚಿಕೊಂಡು, ಊರಿನ ಕಡೆ ಮುಖ ಮಾಡಿ ನಡೆದೆ. ಕರೆದ ಸ್ನೇಹಿತೆಗೆ ಓಗೊಡದೆ ನಡೆಯುವುದು ಎಂಥ ಸಂಕಟವೆಂದು ಯಾರಿಗೂ ತಿಳಿಸಿ ಹೇಳಲಾರೆ.

ಮನೆಗೂ ಹೋಗದೆ ನೆಟ್ಟಗೆ ಪೆನ್ನಾಗರಂಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಯಿತು.

"ಓಗೊಟ್ಯಾ?"

"ಇಲ್ಲವ್ವಾ. ವಿಸಿಲೂ ಊದ್ಲಿಲ್ಲ."

"ಏನಂತ ಕರುದ್ಲು?"

"ಕೊಲುಸು ಅಂತ."

ಅವ್ವ ನನ್ನ ಕಾಲಿನ ಕೊಲುಸನ್ನು ನೋಡಿದರು. "ನಿನ್ ನಿಜವಾದ್ ಎಸ್ರು ಅವ್ಳಿಗೆ ಗೊತ್ತಿತ್ತಾ ಮಗಾ?"

ಗೊತ್ತಿತ್ತು ಅಂದೆ. ಹೋಗುವಾಗ ಕೇಳಿ ತಿಳಿದುಕೊಂಡಿದ್ದರು ಅಂದೆ.

ಮಗನ ಕರೆ ಕೇಳಿಸಿತೆಂದಾಗಲೂ, ಮಗಳು ಹೋದಾಗಲೂ, ನನ್ನೆದುರು ಒಂದು ಹನಿ ಕಣ್ಣೀರು ಹಾಕದ ಆ ಮುದುಕಿ ಸೆರಗು ಬಾಯಿಗೊತ್ತಿಕೊಂಡರು.

"ಅಂಗಾರೆ ನಿನ್ ಎಸ್ರ ನೀರ್ಗೆ ಕೊಡ್ಲಿಲ್ಲ ನನ್ ಮಗ್ಳು. ಅಲ್ಲೋದ್ರೂ ಕೊಡ್ಲಿಲ್ಲ."

ಆಮೇಲೆ ನನ್ನ ಭುಜ ಹಿಡಿದು ಎದ್ದು, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು, ಹುಲ್ಲು ಕೊಯ್ಯಲು ಹೊಲದ ಕಡೆ ನಡೆದರು.